ಕಲ್ಲುದೀಪಕ್ಕೆ ಹೊರಟ ಆಮೆ

ಜಪಾನಿನ ಒಂದು ಸರೋವರದ ದಡದಲ್ಲಿ ಹಮಾಸೆ ಎಂಬ ಪುಟ್ಟ ಊರಿತ್ತು. ಹಿಂದೆ ದೋಣಿಗಳಿಗೆ ದಡ ತೋರಿಸಲು ಅಲ್ಲೊಂದು ಕಲ್ಲುದೀಪ ನಿಲ್ಲಿಸಿದ್ದರು. ಅದರ ಬುಡದಲ್ಲೇ ಮೊಟ್ಟೆಯಿಡು, ಮರಿಗಳಿಗೆ ನೀರು ಹತ್ತಿರ ಎಂದು ತನ್ನ ಅಜ್ಜಿ ಹೇಳಿದ್ದನ್ನು ನಂಬಿ ಆಮೆಯೊಂದು ನೀರಿನಿಂದ ಮೇಲೆ ಬಂತು. ಗದ್ದೆ ದಾಟಿತು, ರಸ್ತೆ ದಾಟಿತು, ಮನೆಗಳ ಸಾಲನ್ನೂ ದಾಟಿತು. ಅಂತೂ ದೀಪ ಸಿಕ್ಕಿತು. ಆಮೆಗೆ ತಲೆಬುಡ ಅರ್ಥವಾಗಲಿಲ್ಲ.

“ದೀಪಣ್ಣ, ದಡ ಬಿಟ್ಟು ಇಷ್ಟು ದೂರ ಯಾಕೆ ಬಂದೆ?”

“ನಾನೆಲ್ಲಿ ಬಂದೆ? ಒಂದು ಗೇಣೂ ಕದಲಿಲ್ಲ. ದೂರ ಹೋದದ್ದು ಆ ಸರೋವರ. ಹೋಗಿ ಅದನ್ನೇ ಕೇಳು.”

ಆಮೆ ಏದುಸಿರು ಬಿಡುತ್ತ ಮರಳಿ ಹೋಗಿ ಕೇಳಿತು.

“ನಾನೇ?” ಸರೋವರ ಸಿಡುಕಿತು. “ಊರಿನವರು ಮಣ್ಣು ಸುರಿದು ಗದ್ದೆ ಮಾಡಿಕೊಂಡರೆ ನಾನೇನು ಮಾಡಲಿ? ನಾನು ಇದ್ದಲ್ಲೇ ಇದ್ದೇನೆ. ದೀಪಕ್ಕೆ ಹಾಗೇ ಹೇಳು.”

ಆಮೆ ಮತ್ತೆ ದೀಪದ ಕಡೆ ಹೊರಟಿತು. ನಡುದಾರಿಯಲ್ಲೇ ಹೊಟ್ಟೆನೋವು ಬಂತು. ವಿಧಿಯಿಲ್ಲದೆ ಗದ್ದೆಯ ಬದುವಿನಲ್ಲೇ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಎರಡೂ ಕಡೆ ನೋಡಿತು.

“ಸರಿ, ನೀವಿಬ್ಬರೂ ಕದಲಿಲ್ಲ. ಹಾಗಾದರೆ ಈ ದೂರವನ್ನೆಲ್ಲ ನಡೆಯಬೇಕಾದವರು ಇನ್ನೂ ಹುಟ್ಟದ ನನ್ನ ಮಕ್ಕಳೇ?”