ರೇಷ್ಮೆ ಚಿಟ್ಟೆ ನಿಂತಲ್ಲೇ ರೆಕ್ಕೆ ಬಡಿಯುವುದೇಕೆ

ಇಂಚರಾ, ಆ ಗಂಡು ಚಿಟ್ಟೆಯನ್ನು ಕಿಟಕಿಯಿಂದ ಹಾರಿಬಿಡಬೇಡ, ಮೊರದ ಮೇಲೆ ಬಿಡು. ಮೊಟ್ಟೆಯಿಡಿಸಲು ಬಿತ್ತನೆಗೆಂದು ಎತ್ತಿಟ್ಟ ಗೂಡಿನಿಂದ ಈಗಷ್ಟೇ ಹೊರಬಂದಿದ್ದಾನೆ. "ಪಾಪ ಅಜ್ಜಿ, ಹಾರೋಕೆ ಒದ್ದಾಡ್ತಾವ್ನೆ" ಅನ್ನುತ್ತೀಯಲ್ಲ, ನಲವತ್ತು ವರ್ಷ ಹುಳ ಸಾಕಿದ ನನಗೇ ಪಾಠ ಹೇಳುತ್ತೀಯಾ? ಕೂತುಕೋ, ಅವನ ಕಥೆ ಹೇಳುತ್ತೇನೆ.

ಲೋಕ ಆಗಿನ್ನೂ ಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಿರಲಿಲ್ಲ, ತಾನು ಕಹಿಯೆಂದು ಬೇವಿಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ಗಂಡು ರೇಷ್ಮೆ ಚಿಟ್ಟೆ ಗಾಳಿಯ ಜೊತೆ ಪಂದ್ಯ ಕಟ್ಟಿ ಹಾರುತ್ತಿದ್ದ.

ಅವನಿಗೆ ಬಾಯಿ ಇದ್ದೂ ಇಲ್ಲದ ಹಾಗೆ. ಹುಳವಾಗಿದ್ದಾಗ ತಿಂದ ಸೊಪ್ಪೇ ಬದುಕಿಗೆಲ್ಲ ಬುತ್ತಿ, ಅದೂ ಐದು ದಿನಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಅವನು ತನ್ನ ಹೆಣ್ಣನ್ನು ಹುಡುಕಬೇಕು. ಅವಳು ಎಲ್ಲೋ ಒಂದು ಎಲೆಯ ಮೇಲೆ ಕೂತು ಸಣ್ಣಗೆ ಪರಿಮಳ ಬಿಡುತ್ತಾಳೆ. ಅವಳು ಕರೆಯುವುದೇ ಹಾಗೆ. ಅವನು ಬಾರದಿದ್ದರೆ ಮರಿಯಿಲ್ಲ, ಆ ಕುಲ ಅಲ್ಲಿಗೇ ಮುಗಿಯಿತು.

ಅವನ ತಲೆಯೊಳಗೆ ಒಂದು ಕೇರಿಯಿತ್ತು. ನಿನ್ನ ಪಾಠದ ಪುಸ್ತಕದಲ್ಲಿ ನರಕೋಶ ಅನ್ನುತ್ತಾರಲ್ಲ, ಅವರ ಕೇರಿ. ಮನೆಗೂ ಮನೆಗೂ ನಡುವೆ ಒಂದು ಸಣ್ಣ ಸಂದು. ಅದನ್ನು ಯಾರೂ ದಾಟುವಂತಿಲ್ಲ. ಬಾಚಣಿಗೆಯಂಥ ಅವನ ಮೀಸೆಗೆ ವಾಸನೆ ತಾಗಿದರೆ ಮೊದಲ ಮನೆಯವಳು ಸಂದಿನಾಚೆಗೆ ಒಂದು ಹನಿ ರಸ ಚಿಮುಕಿಸುತ್ತಾಳೆ. ಹನಿ ತಾಗಿದವಳು ಎಚ್ಚೆತ್ತು ಮುಂದಿನವಳಿಗೆ ಚಿಮುಕಿಸುತ್ತಾಳೆ. ಹನಿಯಿಂದ ಹನಿಗೆ ಸುದ್ದಿ ಸಾಗುತ್ತದೆ.

ಆದರೆ ಆಗ ಎಲ್ಲರೂ ಚಿಮುಕಿಸುತ್ತಿದ್ದದ್ದು "ಏಳು, ಹೇಳು" ಅನ್ನುವ ಹನಿ ಒಂದೇ. ಬೇವಿನ ಹೂವೆಂದು ಒಬ್ಬಳು, ಹೊಗೆಯೆಂದು ಒಬ್ಬಳು, ಸಗಣಿಯೆಂದು ಇನ್ನೊಬ್ಬಳು. ಎಲ್ಲರೂ ಒಟ್ಟಿಗೆ ಚಿಮುಕಿಸಿ ತಲೆಯೊಳಗೆ ಸಂತೆಯೇ ನೆರೆಯುತ್ತಿತ್ತು.

ಮೊದಲ ದಿನ ಅವನು ಬೇವಿನ ಮರಕ್ಕೆ ಹಾರಿದ. ಅವಳಿರಲಿಲ್ಲ. ಎರಡನೇ ದಿನ ಹೊಗೆ ಏಳುವ ಕಡೆಗೆ ಹಾರಿದ. ಅವಳಿರಲಿಲ್ಲ. ಮೂರನೇ ದಿನ ತಿಪ್ಪೆಗೂ ಹೋಗಿ ಬಂದ. ಅಲ್ಲಿ ಅವಳು ಯಾಕಿರುತ್ತಾಳೆ, ಹೇಳು.

"ಗಾಳಿಯಣ್ಣ, ಅವಳ ಪರಿಮಳ ತರ್ತೀಯೋ ಇಲ್ವೋ?" ಅಂದ.

"ದಿನಾ ತರ್ತಾ ಇವ್ನಿ ಕಣ್ಲಾ," ಅಂದಿತು ಗಾಳಿ. "ನಿನ್ನ ತಲೆ ಒಳಗಿನ ಗಲಾಟೇಲಿ ನಿಂಗೆ ಗೊತ್ತಾಗ್ಬೇಕಲ್ಲ."

ಚಿಟ್ಟೆ ಹಿಪ್ಪುನೇರಳೆ ಗಿಡದ ಮೇಲೆ ಕೂತು ಅತ್ತುಬಿಟ್ಟ.

ಆ ಕೇರಿಯಲ್ಲಿ ಒಬ್ಬ ಮುದುಕಿಯಿದ್ದಳು. ಕೇರಿ ಬಿಟ್ಟು ಹೊರಗೆ ಹೋದವಳಲ್ಲ, ಹೊರಗಿನ ಸುದ್ದಿ ತಂದವಳೂ ಅಲ್ಲ. ಅವಳಿಂದ ಏನುಪಯೋಗ ಎಂದು ಉಳಿದವರು ಮೂಗು ಮುರಿಯುತ್ತಿದ್ದರು. ನನ್ನಂಥವಳೇ ಅನ್ನು. ಚಿಟ್ಟೆಯ ಅಳು ಕೇಳಲಾರದೆ ಅವಳು ತನ್ನ ಹಳೇ ಗಡಿಗೆ ತೆಗೆದಳು. ಅದರಲ್ಲಿದ್ದ ಹನಿಯೇ ಬೇರೆ.

ಬೇವಿನವಳಿಗೆ ಒಂದು ಹನಿ ಚಿಮುಕಿಸಿ, "ನೀನು ಚೂರು ಸುಮ್ಕಿರವ್ವ" ಅಂದಳು. ಅವಳು ಸುಮ್ಮನಾದಳು. ಹೊಗೆಯವಳಿಗೆ ಒಂದು ಹನಿ. "ನೀನೂ ಸುಮ್ಕಿರವ್ವ." ಅವಳೂ ಸುಮ್ಮನಾದಳು. ಸಗಣಿಯವಳಿಗೆ ಮಾತ್ರ ಎರಡು ಹನಿ ಬೇಕಾಯಿತು.

ಕೇರಿ ತಣ್ಣಗಾಯಿತು. ಆಗ ಮೂಲೆಮನೆಯಿಂದ, ಹೆಣ್ಣಿನ ಪರಿಮಳ ಹಿಡಿಯುವವಳ ಸಣ್ಣ ದನಿ ಬಂತು. "ಮೂರು ದಿನದಿಂದ ಹನಿ ಹಾಕ್ತಾನೇ ಇವ್ನಿ, ಯಾರೂ ಕಿವೀಗೆ ಹಾಕ್ಕೊಳ್ಲಿಲ್ಲ. ಅವಳು ಹತ್ರದಲ್ಲೇ ಅವಳೆ."

ಚಿಟ್ಟೆ ಹಾರಲು ಎದ್ದ. ಮುದುಕಿ ತಡೆದಳು. "ನೀನು ಹಾರಾಡ್ತಿದ್ರೆ ಗಳಿಗೆಗೊಂದು ಹೊಸ ವಾಸ್ನೆ ಬತ್ತದೆ ಮಗ. ಅಷ್ಟು ಜನಾನ ಸುಮ್ಕಿರ್ಸೋಕೆ ನನ್ ಕೈಲಾಗಲ್ಲ. ನಿಂತ್ಕೊ."

"ನಿಂತ್ರೆ ಅವಳ ಪರಿಮಳ ಬರೋದು ಹೆಂಗಜ್ಜಿ?"

"ರೆಕ್ಕೆ ಅದೆಯಲ್ಲ. ಬೀಸ್ಕೊ."

ಹಾರುವುದೆಂದರೆ ಅವನಿಗೆ ಪ್ರಾಣ. ಒಂದು ಸಲ ಆಕಾಶ ನೋಡಿದ. ಉಳಿದದ್ದು ಎರಡೇ ದಿನ. ರೆಕ್ಕೆ ಬಡಿದ, ಕಾಲು ಮಾತ್ರ ಎತ್ತಲಿಲ್ಲ. ಪರಿಮಳ ಮೀಸೆಯ ಹತ್ತಿರ ಬಂತು. ಒಂದು ಹೆಜ್ಜೆ ಇಟ್ಟ. ಮತ್ತೆ ರೆಕ್ಕೆ ಬಡಿದ, ಮತ್ತೊಂದು ಹೆಜ್ಜೆ ಇಟ್ಟ.

ಅವಳು ಅದೇ ಗಿಡದ ಕೆಳಗಿನ ರೆಂಬೆಯಲ್ಲಿದ್ದಳು. ಕುರಿಯನ್ನು ಹೆಗಲ ಮೇಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಕಥೆ.

"ಮೂರು ದಿನದಿಂದ ನನ್ನ ತಲೆ ಮೇಲೇ ಹಾರಾಡ್ತಿದ್ದೆ," ಅಂದಳು. "ಈಗ ಬಂದ್ಯಾ?"

ಅವರ ಮಕ್ಕಳ ಮಕ್ಕಳೇ ನಮ್ಮ ಮೊರದ ಹುಳಗಳೆಲ್ಲ. ಬೀಸಿ ಬೀಸಿ ಅವರ ರೆಕ್ಕೆಗೆ ಹಾರುವುದು ಮರೆತೇಹೋಯಿತು. ಅದಕ್ಕಾಗಿ ಯಾರೂ ಕೊರಗಿದ್ದು ನಾನು ಕಂಡಿಲ್ಲ. ಮುದುಕಿ ಈಗಲೂ ಅವರ ತಲೆಯೊಳಗೆ ಗಡಿಗೆ ಹಿಡಿದು ಕೂತಿದ್ದಾಳೆ. ನಿನ್ನ ತಾತ ಬೀಡಿ ಹಚ್ಚಿಕೊಂಡು ಹುಳದ ಮನೆಗೆ ಬಂದರೆ ನಾನು ಹೊರಗಟ್ಟುವುದೇಕೆ ಅಂದುಕೊಂಡೆ? ಅವಳಿಗೆ ಇರುವ ಕೆಲಸವೇ ಸಾಕು.

ಈಗ ಮೊರ ನೋಡು. ರೆಕ್ಕೆ ಬಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ, ಆ ಮೂಲೆಯಲ್ಲಿ ಅವಳು ಕೂತಿದ್ದಾಳೆ. ಅವತ್ತಿನಿಂದ ಇವತ್ತಿನವರೆಗೂ ರೇಷ್ಮೆ ಚಿಟ್ಟೆ ನಿಂತಲ್ಲೇ ರೆಕ್ಕೆ ಬಡಿಯುವುದು ಹತ್ತಿರದಲ್ಲೇ ಇರುವವಳ ಬಳಿಗೆ ಹೋಗುವುದಕ್ಕೆ ಮಗಾ, ಮುಚ್ಚು ಆ ಕಿಟಕಿ.