ಕೌದಿ ಫಕೀರವ್ವ ಕತ್ತು ಮುಟ್ಟಗೊಡದ ಕಥೆ

ಆ ಹುಡುಗಿಯನ್ನು ಕೊಂದದ್ದು ಜ್ವರವಲ್ಲ, ಕೈ. ಊರೆಲ್ಲ ನಮಸ್ಕರಿಸುತ್ತಿದ್ದ ಕೈ. ಮೊದಲು ಈ ಮಾತು ಕೇಳಿಸಿಕೊಳ್ಳಿ, ಕಥೆ ಆಮೇಲೆ.

ಬಹಳ ಹಿಂದೆ, ದವಾಖಾನೆಗೆ ಹೋಗಬೇಕೆಂದರೆ ಹೊಳೆ ದಾಟಬೇಕಿದ್ದ ಕಾಲಕ್ಕೆ, ಎರೆಹೊಲಗಳ ನಡುವಿನ ಒಂದೂರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳಂತೆ. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುವವಳು. ಅವಳ ಕೌದಿ ಹೊದ್ದ ಕೂಸು ಅಳುತ್ತಿರಲಿಲ್ಲ ಅಂತಾರೆ.

ಅದೇ ಊರಲ್ಲಿ ಕುಸ್ತಿ ಕಲಿಸುವ ಗರಡಿಯ ವಸ್ತಾದಿ ಪರಸಪ್ಪ. ಪೈಲ್ವಾನರ ಉಳುಕು ತೆಗೆದು ತೆಗೆದು ಹೆಸರಾದವನು. ಕುಸ್ತಿಯಲ್ಲಿ ತೋಳು ಉಳುಕಿದವನಿಗೂ ಎಣ್ಣೆ ಹಚ್ಚಿ ಜಗ್ಗುತ್ತಿದ್ದ, ಮೂಟೆ ಹೊತ್ತು ಸೊಂಟ ಹಿಡಿದವನಿಗೂ ಜಗ್ಗುತ್ತಿದ್ದ. ಜಗ್ಗಿದರೆ ನೆಟ್ಟಗಾಗುತ್ತದೆ, ಇಷ್ಟೇ ಅವನ ವಿದ್ಯೆ. ಊರಿಗೂ ಇಷ್ಟೇ ಸಾಕಾಗಿತ್ತು.

ಫಕೀರವ್ವನ ಮಗಳು ಕಲ್ಲವ್ವನಿಗೆ ಗಂಟಲು ಬಾತು ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಕತ್ತು ಒಂದು ಕಡೆ ವಾಲಿ ನಿಂತಿತು. ತಿರುಗಿಸಲು ಹೋದರೆ ಚೀರುತ್ತಿದ್ದಳು. ಮಲಗುವಾಗ ಉಳುಕಿದೆ ಅಂದರು ಓಣಿಯವರು. ಫಕೀರವ್ವ ತಾನೇ ಗರಡಿಗೆ ಎತ್ತಿಕೊಂಡು ಹೋದಳು. ವಸ್ತಾದಿಯೂ ಉಳುಕೇ ಅಂದು, ಗದ್ದ ಹಿಡಿದು ಒಂದೇ ಸಲ ತಿರುವಿದ. ಕೂಸಿನ ಕೈಕಾಲು ಸತ್ತವು. ಆಮೇಲೆ ಉಸಿರೂ ನಿಂತಿತು. ದೃಷ್ಟಿ ತಾಗಿತ್ತು ಅಂದರು. ಹಣೆಬರಹ ಅಂದರು. ತಿರುವಿದ ಕೈಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ! ಮರುದಿನವೂ ಗರಡಿಯ ಮುಂದೆ ಉಳುಕಿದವರ ಸಾಲು ಕೂತಿತ್ತು.

ಫಕೀರವ್ವ ಅಳಲಿಲ್ಲ ಅಂತಾರೆ. ಮಗಳ ಲಂಗಗಳನ್ನೆಲ್ಲ ಹರಿದು ಒಂದೇ ಕೌದಿ ಹೊಲಿದಳಂತೆ.

ಮುಂದೊಂದು ಮಳೆಗಾಲ ನೆರೆಮನೆಯ ಹುಡುಗ ಯಮನೂರನಿಗೂ ಗಂಟಲು ಬಾತಿತು, ಜ್ವರ ಬಂತು, ಕತ್ತು ವಾಲಿತು. ಹಡೆದವಳು ಗರಡಿಗೆ ಒಯ್ದಳು. ವಸ್ತಾದಿ ಕೈಗೆ ಎಣ್ಣೆ ಹಚ್ಚುವಷ್ಟರಲ್ಲಿ ಫಕೀರವ್ವ ಆ ಕೌದಿ ಹಿಡಿದು ಓಡಿ ಬಂದು ಅಡ್ಡ ನಿಂತಳು.

“ಏ ಫಕೀರವ್ವ, ನಿನ್ನ ಸೂಜಿ ಕೌದ್ಯಾಗ ಆಡ್ಲಿ ಬೇ. ನನ್ನ ಕೈಯಾಗ ಯಾಕ ಚುಚ್ಚತಿ?” ಅಂದ ವಸ್ತಾದಿ. ನೆರೆದವರು ನಕ್ಕರು.

“ಕೂಸಿಗೆ ಏನಾಗೇತಿ, ಹೇಳು ಪರಸಣ್ಣ.”

“ಉಳುಕು.”

“ನನ್ನ ಕಲ್ಲವ್ವಗೂ ಉಳುಕಂತ ಅಂದಿದ್ದಿ. ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ತಿರುವಬ್ಯಾಡ!”

ಅಂದವಳೇ ಕೌದಿಯನ್ನು ಹುಡುಗನ ಮೇಲೆ ಹೊದಿಸಿದಳು. ಕೌದಿಗೆ ಬಂಡೆಯ ಭಾರ ಬಂತು, ವಸ್ತಾದಿಗೆ ಎತ್ತಲಾಗಲಿಲ್ಲ ಅಂತಾರೆ. ಭಾರ ಕೌದಿಯದಲ್ಲ. ಆ ಲಂಗದ ತುಂಡುಗಳ ಗುರುತು ಹತ್ತಿ ಅವನ ಕೈ ತಾನೇ ಹಿಂದೆ ಸರಿಯಿತು.

ಬಾಗಿಲಿನ ಹಲಗೆ ಕಿತ್ತರು. ಹುಡುಗನನ್ನು ವಾಲಿದ ಕತ್ತು ವಾಲಿದಂತೆಯೇ ಮಲಗಿಸಿ, ಅಲುಗದ ಹಾಗೆ ಕೌದಿ ಸುರುಳಿ ಸುತ್ತಿ ಎರಡೂ ಕಡೆ ಇಟ್ಟರು. ಹಲಗೆಯ ಒಂದು ತುದಿಗೆ ಹೆಗಲು ಕೊಟ್ಟವನು ವಸ್ತಾದಿಯೇ. ಹೊಳೆ ಸೀಳಿ ದಾರಿ ಬಿಟ್ಟಿತು ಅಂತಾರೆ ಕೆಲವರು, ಇಲ್ಲ, ಎದೆಮಟ್ಟದ ನೀರಲ್ಲೇ ದಾಟಿದರು ಅಂತಾರೆ ಇನ್ನು ಕೆಲವರು. ಗಂಟಲಿನ ಬೇನೆ ತಲೆಯ ಬುಡದಲ್ಲಿ ಕತ್ತಿನ ಎಲುಬಿನ ಕಟ್ಟು ಸಡಿಲಿಸಿದೆ, ಕೀಲು ಜಾರಿದೆ, ತಿರುವಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಅಂದರು ದವಾಖಾನೆಯಲ್ಲಿ. ಔಷಧ ಕೊಟ್ಟು, ಕತ್ತು ಮೆಲ್ಲಗೆ ಸರಿಬರಲೆಂದು ತಲೆಗೆ ತೂಕ ಕಟ್ಟಿ ಮಲಗಿಸಿದರು. ಯಮನೂರ ನಡೆದುಕೊಂಡೇ ಊರಿಗೆ ಬಂದ. ಫಕೀರವ್ವ ಅತ್ತದ್ದು ಆ ದಿನ ಅಂತಾರೆ.

ಇವತ್ತಿಗೂ ಆ ಗರಡಿಯಲ್ಲಿ ಕತ್ತು ವಾಲಿದ ಕೂಸು ಬಂದರೆ ವಸ್ತಾದಿಯಾದವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾನೆ. ಒಳಗಿಂದ ಹಲಗೆ ಬರುತ್ತದೆ, ಕೌದಿ ಬರುತ್ತದೆ.

ನಿಮ್ಮೂರಲ್ಲಿ? ಅಲ್ಲಿ ಇನ್ನೂ ತಿರುವುತ್ತಿದ್ದೀರಿ. ಎಣ್ಣೆ ತಿಕ್ಕುತ್ತಿದ್ದೀರಿ, ನೆಟಿಗೆ ತೆಗೆಯುತ್ತಿದ್ದೀರಿ, ಸತ್ತ ಮೇಲೆ ಹಣೆಬರಹ ಅನ್ನುತ್ತಿದ್ದೀರಿ. ಗಂಟಲೋ ಕಿವಿಯೋ ಬಾತು ಜ್ವರ ಬಂದ ಮಗುವಿನ ಕತ್ತು ವಾಲಿತೋ, ಕೈ ಹಿಂದೆ ಕಟ್ಟಿ. ತಿರುವಲು ಬಂದವನ ಕೈ ಹಿಡಿಯಿರಿ, ಅವನು ನಿಮ್ಮ ಮಾವನೇ ಆಗಿರಲಿ. ಮಗುವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ನಾಳೆಯಲ್ಲ, ಆಗಲೇ!