ಬೆನಿಗ್ನಾಳ ತೋಳಿನ ಗೆರೆ

ಪೂಜ್ಯ ಮಾತೆ ಪೆರ್ಪೆತುವಾ ಅವರು ತಮ್ಮ ಕೊನೆಯ ವರ್ಷಗಳನ್ನು ಗಾಳಿಕಟ್ಟೆಯ ಕನ್ಯಾಮಠದ ಔಷಧಾಲಯದಲ್ಲಿ ಕಳೆದರು. ಔಷಧಾಲಯವೆಂದರೆ ಒಂದು ಬೆಂಚು, ಒಂದು ಕಪಾಟು, ಹಿತ್ತಲಿಗೆ ತೆರೆಯುವ ಕಿಟಕಿ. ರೋಗಿಗಳಿಲ್ಲದ ಹೊತ್ತಿನಲ್ಲಿ ಅವರು ಪೂಜಾಪೀಠದ ವಸ್ತ್ರಕ್ಕೆ ಕ್ರೋಶ ಕಡ್ಡಿಯಿಂದ ಅಂಚು ಹೆಣೆಯುತ್ತಿದ್ದರು.

ಒಂದು ಮಧ್ಯಾಹ್ನ, ನವಶಿಷ್ಯೆಯರನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕ್ಲೋತಿಲ್ಡಾ ಅವರು ಬೆನಿಗ್ನಾ ಎಂಬ ಹುಡುಗಿಯನ್ನು ಅಲ್ಲಿಗೆ ಕರೆತಂದರು. ಒಂಬತ್ತು ದಿನಗಳಲ್ಲಿ ಆಕೆ ವ್ರತ ಸ್ವೀಕರಿಸಬೇಕಿತ್ತು. ಆದರೆ ಆಕೆಯ ಹೆಗಲ ಮೇಲೆ, ಸೊಂಟದ ಸುತ್ತ, ಚಾಟಿಯ ಬರೆಗಳಂತೆ ಕೆಂಪು ಗೆರೆಗಳು ಎದ್ದಿದ್ದವು. ಅಪ್ಪಣೆಯಿಲ್ಲದೆ ದೇಹವನ್ನು ದಂಡಿಸಿಕೊಳ್ಳುವುದು ಆ ಮಠದಲ್ಲಿ ಅವಿಧೇಯತೆ. ಅದನ್ನು ಮುಚ್ಚಿಡುವುದು ಇನ್ನೂ ದೊಡ್ಡ ತಪ್ಪು. ಆಕೆಯನ್ನು ಮನೆಗೆ ಕಳುಹಿಸುವ ಪತ್ರ ಸಿಸ್ಟರ್ ಅವರ ಕೈಯಲ್ಲೇ ಇತ್ತು. ಮಠದ ಹಿರಿಯರಾದ ಮಾತೆಯವರ ಸಹಿಯಷ್ಟೇ ಬಾಕಿ.

"ಸಂತಳಾಗಲು ಈಕೆಗೆ ಬಹಳ ಅವಸರ, ಮದರ್," ಎಂದರು ಸಿಸ್ಟರ್. "ಚಾಟಿ ಎಲ್ಲಿದೆ ಎಂದು ಮಾತ್ರ ಹೇಳುತ್ತಿಲ್ಲ."

"ಚಾಟಿ ಇಲ್ಲ, ಸಿಸ್ಟರ್," ಎಂದಳು ಬೆನಿಗ್ನಾ. " ಪಿತ್ತಗಂಧೆ. ಸೌದೆ ಹೊರೆಯ ಹಗ್ಗ ಹೆಗಲಿಂದ ಇಳಿಸಿದ ಮೇಲೆ ಏಳುತ್ತದೆ. ಆಮೇಲೆ ತಾನೇ ಇಳಿಯುತ್ತದೆ."

"ಪಿತ್ತಗಂಧೆ ಸ್ಕೇಲು ಹಿಡಿದು ಗೆರೆ ಎಳೆಯುತ್ತದೆಯೇ? ಅಡುಗೆಯ ಮಗ್ದಲಮ್ಮ ಕಂಬಳಿಯಿಂದ ಅರ್ಧ ಗಂಟೆ ಉಜ್ಜಿದಳಲ್ಲ, ಪಿತ್ತವಾಗಿದ್ದರೆ ಇಳಿಯಬೇಕಿತ್ತು. ಇಮ್ಮಡಿಯಾಯಿತು."

ಮಾತೆಯವರು ಹೆಣಿಗೆಯನ್ನು ಮಡಿಲಲ್ಲಿಟ್ಟರು. ಕ್ರೋಶ ಕಡ್ಡಿಯನ್ನು ತಿರುಗಿಸಿ, ಅದರ ಮೊಂಡು ತುದಿ ಹೊರಗಿರುವಂತೆ ಸಿಸ್ಟರ್ ಅವರ ಕೈಗೆ ಕೊಟ್ಟರು.

"ಇವಳ ತೋಳಿನ ಮೇಲೆ ಒಂದು ಗೆರೆ ಎಳೆಯಿರಿ. ನೋಯಿಸಬೇಡಿ."

ಸಿಸ್ಟರ್ ಎಳೆದರು. ಬಿಳಿಯ ಗೆರೆಯೊಂದು ಮೂಡಿ ಮಾಸಿತು.

"ಈಗ ಇಪ್ಪತ್ತು ನಮೋ ಮರಿಯಾ," ಎಂದು ಮಾತೆಯವರು ಜಪಸರ ಹಿಡಿದರು.

ಏಳನೆಯ ಜಪಕ್ಕೆ ಗೆರೆ ಕೆಂಪಾಯಿತು. ಹನ್ನೆರಡನೆಯದಕ್ಕೆ ಉಬ್ಬಿತು. ಹದಿನೈದರಲ್ಲಿ ಸಿಸ್ಟರ್ ಅವರ ಧ್ವನಿ ನಿಂತುಹೋಯಿತು. ಉಳಿದ ಐದನ್ನು ಮಾತೆಯವರು ಒಬ್ಬರೇ ಮುಗಿಸಿದರು. ಅಷ್ಟರಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹುರಿಯಷ್ಟು ದಪ್ಪದ ಬರೆ ಎದ್ದು ನಿಂತಿತ್ತು.

"ಈ ಬರೆ ಎಳೆದವರು ಯಾರು, ಸಿಸ್ಟರ್?"

ಕಡ್ಡಿ ಸಿಸ್ಟರ್ ಅವರ ಕೈಜಾರಿ ನೆಲಕ್ಕೆ ಬಿತ್ತು. ಸಡಿಲ ಹುರಿ ಸಡಿಲ ಮನಸ್ಸು ಎನ್ನುತ್ತ, ಪ್ರತಿ ಬೆಳಿಗ್ಗೆ ನವಶಿಷ್ಯೆಯರ ನಡುಕಟ್ಟಿನ ಹುರಿಯನ್ನು ಬಿಗಿದು ಗಂಟು ಹಾಕುತ್ತಿದ್ದವರು ಅವರೇ. ಸೊಂಟದ ಗೆರೆಗಳೂ ಅವರ ಕೈಯವೇ.

"ಇದು ಪಿತ್ತಗಂಧೆಯದೇ ಒಂದು ಬಗೆ," ಎಂದರು ಮಾತೆಯವರು. "ಒತ್ತಿದಲ್ಲಿ, ಉಜ್ಜಿದಲ್ಲಿ ಏಳುತ್ತದೆ. ಯಾರಿಗೂ ಅಂಟುವುದಿಲ್ಲ. ಕಂಬಳಿ ಬೇಡ, ಬಿಸಿನೀರು ಬೇಡ. ತಣ್ಣೀರ ಬಟ್ಟೆ ಸಾಕು. ಹುರಿ ಸಡಿಲವಿರಲಿ. ಡಾಕ್ಟರಿಗೆ ತೋರಿಸಿ ಮಾತ್ರೆ ತರಿಸಿ. ಎಂದಾದರೂ ತುಟಿ ಊದಿ ಉಸಿರು ಕಟ್ಟಿದರೆ ಮೊದಲು ಆಸ್ಪತ್ರೆಗೆ ಗಾಡಿ ಕಟ್ಟಿಸಿ. ಪ್ರಾರ್ಥನೆ ದಾರಿಯಲ್ಲಿ ಆಗಲಿ."

ಅವರು ಬಾಗಿ ಕಡ್ಡಿಯನ್ನು ಎತ್ತಿಕೊಂಡು, ಒರೆಸಿ, ಮತ್ತೆ ಹೆಣೆಯತೊಡಗಿದರು. ಪತ್ರವನ್ನು ಅವರು ಕೇಳಲಿಲ್ಲ, ಸಿಸ್ಟರ್ ಕೊಡಲಿಲ್ಲ. ಯಾರ ಮುಂದೆಯೂ ಬಾಗದಿದ್ದ ಆ ಸಿಸ್ಟರ್ ಹುಡುಗಿಯ ಮುಂದೆ ಮೊಣಕಾಲೂರಿ ಹುರಿಯ ಗಂಟು ಬಿಚ್ಚಿದರು.

ಒಂಬತ್ತನೆಯ ದಿನ ಬೆನಿಗ್ನಾ ವ್ರತ ಸ್ವೀಕರಿಸಿದರು.

ಸಿಸ್ಟರ್ ಕ್ಲೋತಿಲ್ಡಾ ಅವರು ಮುಂದೆ ಇಪ್ಪತ್ತಾರು ವರ್ಷ ಅದೇ ಹೊಣೆಯಲ್ಲಿದ್ದರು. ಯಾವ ಹುಡುಗಿಯ ಮೇಲೆ ಯಾರು ದೂರು ತಂದರೂ ಜಪಸರ ತೆಗೆದು ಕಣ್ಣು ಮುಚ್ಚುತ್ತಿದ್ದರು. ಉತ್ತರಕ್ಕೆ ಅವಸರಪಡಿಸಿದವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು:

"ಇನ್ನೂ ಇಪ್ಪತ್ತಾಗಿಲ್ಲ. ಕುಳಿತುಕೊಳ್ಳಿ."